ಮಗುವಿನ ಹಾಗೆ ನಂಬುವುದೆಂದರೇನು?

ಕೆಲವು ವರ್ಷಗಳ ಹಿಂದೆ ಒಂದು ಕ್ರೈಸ್ತ ಕುಟುಂಬದಲ್ಲಿ ಅತಿಥಿಯಾಗಿ ಒಂದು ರಾತ್ರಿ ಇಳಿದುಕೊಳ್ಳುವ ಸಂದರ್ಭವು ನನಗೆ ಒದಗಿತು. ರಾತ್ರಿಯ ಊಟಕ್ಕೆ ಮುಂಚೆ ಮನೆಯವರೆಲ್ಲರೂ ಚಾಪೆಯ ಮೇಲೆ ಕುಳಿತು, ಶಾಸ್ತ್ರಭಾಗವೊಂದನ್ನು ಓದಿ, ಪ್ರಾರ್ಥನೆ ಮಾಡುವುದು ಆ ಮನೆಯಲ್ಲಿ ಹಿರಿಯರ ಕಾಲದಿಂದ ನಡೆದುಬಂದ ಪದ್ಧತಿ. ಆ ದಿನ ಯಜಮಾನರು ಓದಿದ್ದು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯವನ್ನು. ಯೇಸುಸ್ವಾಮಿಯು ಒಂದು ಚಿಕ್ಕ ಮಗುವನ್ನು ಕರೆದು ಶಿಷ್ಯರ ನಡುವೆ ನಿಲ್ಲಿಸಿದ ಪ್ರಸಂಗವು ಅಲ್ಲಿ ಬರುತ್ತದೆ.

ಓದು ಮುಗಿದ ಮೇಲೆ, ಪಟ್ಟಣದಲ್ಲಿ ಕಾಲೇಜಿನ ವ್ಯಾಸಂಗ ಮಾಡುತ್ತಿದ್ದು ರಜೆಗಾಗಿ ಮನೆಗೆ ಬಂದಿದ್ದ ಮಗನು ತಲೆಯೆತ್ತಿ, “ಅಪ್ಪಾ, ಹೋದ ವರ್ಷ ತಂಗಿಯು ಜ್ವರದಲ್ಲಿ ಮಲಗಿದ್ದಾಗ ನಾವೆಲ್ಲರೂ ಮಕ್ಕಳ ಹಾಗೆಯೇ ನಂಬಿ ಬೇಡಿಕೊಂಡೆವಲ್ಲವೇ? ಅವಳು ಏಕೆ ಉಳಿಯಲಿಲ್ಲ?” ಎಂದು ಕೇಳಿದನು. ತಾಯಿಯು ಸೆರಗಿನಿಂದ ಮುಖವನ್ನು ಮರೆಮಾಡಿಕೊಂಡರು. ಯಜಮಾನರು ಪುಸ್ತಕವನ್ನು ಮುಚ್ಚಿ, “ಮಗುವಿನ ಹಾಗೆ ನಂಬಬೇಕೆಂದು ಸ್ವಾಮಿಯೇ ಅಪ್ಪಣೆ ಕೊಟ್ಟಿದ್ದಾನೆ. ಮಗುವು ಪ್ರಶ್ನೆ ಮಾಡುವುದಿಲ್ಲ. ನೀನೂ ಮಾಡಬೇಡ” ಎಂದು ಗಡುಸಾಗಿ ಹೇಳಿದರು. ಮಗನು ಮರುಮಾತಾಡದೆ ಎದ್ದುಹೋದನು. ಆ ರಾತ್ರಿ ಅವನು ಊಟಕ್ಕೆ ಬರಲಿಲ್ಲ.

ಆ ತಂದೆಯು ಕೆಟ್ಟವರಲ್ಲ, ದೈವಭಕ್ತರು. ಅವರ ಬಾಯಿಂದ ಹೊರಟ ಮಾತು ನಮ್ಮ ಅನೇಕ ಮನೆಗಳಲ್ಲಿಯೂ ಸಭೆಗಳಲ್ಲಿಯೂ ದಿನದಿನವೂ ಕೇಳಿಬರುವ ಮಾತೇ ಆಗಿದೆ. ಆದರೆ ನಿದ್ರೆ ಬಾರದೆ ಹೊರಳುತ್ತಿದ್ದ ನನಗೆ ಒಂದು ಯೋಚನೆಯು ಹತ್ತಿತು. ಸ್ವಾಮಿಯು ಆ ಮಗುವನ್ನು ನಡುವೆ ನಿಲ್ಲಿಸಿದ್ದು ನಿಜವಾಗಿ ಪ್ರಶ್ನೆಗಳನ್ನು ಅಡಗಿಸುವುದಕ್ಕಾಗಿಯೇ? ಆ ಉಪದೇಶವನ್ನು ಆತನು ಯಾರಿಗೆ ಹೇಳಿದನು? ಏತಕ್ಕಾಗಿ ಹೇಳಿದನು? ಈ ಲೇಖನವು ಆ ರಾತ್ರಿಯ ಯೋಚನೆಯ ಫಲವಾಗಿದೆ.

ಮೊದಲನೆಯದಾಗಿ ಒಂದು ಸಂಗತಿಯನ್ನು ಗಮನಿಸಬೇಕು. ‘ಮಗುವಿನಂಥ ನಂಬಿಕೆ’ ಎಂಬ ಮಾತು ನಮ್ಮ ನಾಲಿಗೆಗೆ ಎಷ್ಟು ರೂಢಿಯಾಗಿದ್ದರೂ, ಅದು ಅದೇ ರೂಪದಲ್ಲಿ ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ. ಇರುವುದು ಬೇರೆ ಎರಡು ಮಾತುಗಳು. ಮತ್ತಾಯನು ಬರೆದಂತೆ, ಮಗುವಿನ ಹಾಗೆ ತನ್ನನ್ನು ಚಿಕ್ಕವನನ್ನಾಗಿ ಮಾಡಿಕೊಳ್ಳಬೇಕೆಂಬುದು ಒಂದು. ಮಾರ್ಕನೂ ಲೂಕನೂ ಬರೆದಂತೆ, ದೇವರ ರಾಜ್ಯವನ್ನು ಮಗುವಿನ ಹಾಗೆ ಸ್ವೀಕರಿಸಬೇಕೆಂಬುದು ಇನ್ನೊಂದು. ತಗ್ಗುವುದು, ಸ್ವೀಕರಿಸುವುದು, ಈ ಎರಡನ್ನೂ ಸೇರಿಸಿ ನಾವು ‘ನಂಬಿಕೆ’ ಎಂದು ಹೆಸರಿಟ್ಟಿದ್ದೇವೆ. ಅದು ತಪ್ಪಲ್ಲ. ಆದರೆ ಹೆಸರನ್ನು ಇಟ್ಟುಕೊಂಡು ಅದರೊಳಗಿನ ಈ ಎರಡು ಅರ್ಥಗಳನ್ನು ಮರೆತರೆ ಅದು ದೊಡ್ಡ ತಪ್ಪು.

ಇನ್ನು ಸಂದರ್ಭವನ್ನು ನೋಡೋಣ. ಮಾರ್ಕನ 9ನೆಯ ಅಧ್ಯಾಯದಲ್ಲಿ ಅದು ವಿವರವಾಗಿದೆ. ಶಿಷ್ಯರು ಕಪೆರ್ನೌಮಿಗೆ ಬರುವ ದಾರಿಯಲ್ಲಿ ತಮ್ಮೊಳಗೆ ಯಾರು ದೊಡ್ಡವನೆಂದು ವಾದಿಸಿಕೊಂಡು ಬಂದರು. ಮನೆಯೊಳಗೆ ಸೇರಿದ ಮೇಲೆ ಸ್ವಾಮಿಯು, ದಾರಿಯಲ್ಲಿ ಏನು ಚರ್ಚೆಯೆಂದು ವಿಚಾರಿಸಿದಾಗ ಒಬ್ಬರೂ ಬಾಯಿಬಿಡಲಿಲ್ಲ; ನಾಚಿಕೆಯಾಯಿತು. ಆಗ ಆತನು ಕುಳಿತುಕೊಂಡು, ಹನ್ನೆರಡು ಮಂದಿಯನ್ನೂ ಹತ್ತಿರಕ್ಕೆ ಕರೆದು, ಒಂದು ಮಗುವನ್ನು ಅವರ ನಡುವೆ ನಿಲ್ಲಿಸಿ ಅಪ್ಪಿಕೊಂಡನು. ಅಲ್ಲಿ ಎದ್ದಿದ್ದ ವಿವಾದವು ದೇವರಿದ್ದಾನೆಯೇ ಇಲ್ಲವೇ ಎಂಬುದಲ್ಲ. ಪವಾಡಗಳನ್ನು ನಂಬಬೇಕೇ ಬೇಡವೇ ಎಂಬುದೂ ಅಲ್ಲ. ಪೀಠ ಯಾರದು, ಮೇಲುಗೈ ಯಾರದು ಎಂಬುದೇ ವಿವಾದ. ಹೀಗಿರಲಾಗಿ ಮಗುವನ್ನು ತೋರಿಸಿ ಆತನು ಖಂಡಿಸಿದ್ದು ಪ್ರಶ್ನೆ ಕೇಳುವ ಬುದ್ಧಿಯನ್ನಲ್ಲ; ದೊಡ್ಡವನೆನ್ನಿಸಿಕೊಳ್ಳುವ ಆಸೆಯನ್ನು.

ಆ ಕಾಲದಲ್ಲಿ ಮಗುವಿನ ಸ್ಥಾನವು ಎಂಥದೆಂದು ತಿಳಿದರೆ ಈ ದೃಷ್ಟಾಂತದ ಹರಿತವು ಇನ್ನೂ ಚೆನ್ನಾಗಿ ಮನಸ್ಸಿಗೆ ನಾಟುವುದು. ಐಗುಪ್ತದೇಶದ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ಕಸದ ದಿಬ್ಬಗಳನ್ನು ಅಗೆದಾಗ ಜೊಂಡಿನ ಹಾಳೆಗಳ ಮೇಲೆ ಬರೆದ ಸಾವಿರಾರು ಪತ್ರಗಳು ದೊರೆತವು. ಅವುಗಳಲ್ಲಿ ಕ್ರಿ. ಪೂ. 1ನೆಯ ವರ್ಷದ ಒಂದು ಪತ್ರವಿದೆ. ಅಲೆಕ್ಸಾಂದ್ರಿಯಕ್ಕೆ ಕೆಲಸಕ್ಕೆ ಹೋಗಿದ್ದ ಹಿಲಾರಿಯೋನನೆಂಬವನು ಗರ್ಭಿಣಿಯಾದ ತನ್ನ ಹೆಂಡತಿಗೆ ಅದನ್ನು ಬರೆದನು. ಪ್ರೀತಿಯ ಮಾತುಗಳ ನಡುವೆ, ಹುಟ್ಟುವುದು ಗಂಡಾದರೆ ಇಟ್ಟುಕೊಳ್ಳಬೇಕೆಂದೂ ಹೆಣ್ಣಾದರೆ ಹೊರಗೆ ಬಿಟ್ಟುಬಿಡಬೇಕೆಂದೂ ಅವನು ತಿಳಿಸಿದ್ದಾನೆ. ಆ ಕಾಲದ ರೋಮ್ ಚಕ್ರಾಧಿಪತ್ಯದಲ್ಲಿ ಇದು ಅಪರೂಪದ ಮಾತಲ್ಲ. ಯೆಹೂದ್ಯರಾದರೋ ಈ ಪದ್ಧತಿಯನ್ನು ಪಾಪವೆಂದು ತ್ಯಜಿಸಿದ್ದರು. ಅವರಲ್ಲಿ ಸಂತಾನವು ದೇವರ ವರವೇ ಆಗಿತ್ತು. ಆದರೂ ಹಿರಿಯರು ಕುಳಿತ ಕೂಟದಲ್ಲಿ ಮಗುವಿಗೆ ಮಾತೂ ಇರಲಿಲ್ಲ, ಮಾನ್ಯತೆಯೂ ಇರಲಿಲ್ಲ. ಯಾವ ಅಧಿಕಾರವನ್ನೂ ಹೊಂದಿಲ್ಲದ, ಇತರರ ದಯೆಯಿಂದಲೇ ಬದುಕುವ ಒಂದು ಜೀವವನ್ನು ತನ್ನ ಮಗ್ಗುಲಲ್ಲಿ ಇರಿಸಿಕೊಂಡು, ಇದರ ಹಾಗೆ ಆಗದೆ ನೀವು ಒಳಗೆ ಬರಲಾರಿರಿ ಎಂದು ಆತನು ಆ ಹನ್ನೆರಡು ಮಂದಿಗೆ ತಿಳಿಸಿದನು.

ಎರಡನೆಯ ಪ್ರಸಂಗವು ಮಾರ್ಕನ 10ನೆಯ ಅಧ್ಯಾಯದಲ್ಲಿದೆ. ಜನರು ತಮ್ಮ ಮಕ್ಕಳನ್ನು ಆತನು ಮುಟ್ಟಲೆಂದು ಕರೆತಂದರು, ಶಿಷ್ಯರು ಗದರಿಸಿದರು, ಸ್ವಾಮಿಯು ಶಿಷ್ಯರ ಮೇಲೆ ಕೋಪಗೊಂಡನು. ಇದೇ ಸಂಗತಿಯನ್ನು ಬರೆಯುವಾಗ ಲೂಕನು ಹಸುಗೂಸುಗಳೆಂದು ಅರ್ಥವಾಗುವ ಗ್ರೀಕ್ ಶಬ್ದವನ್ನು ಪ್ರಯೋಗಿಸಿದ್ದಾನೆ. ಎದೆಹಾಲು ಕುಡಿಯುವ ಕೂಸಿಗೆ ಮತವೇನು, ಸಿದ್ಧಾಂತವೇನು? ಅದು ಯಾವುದನ್ನೂ ‘ಪ್ರಶ್ನೆಯಿಲ್ಲದೆ ಒಪ್ಪಿಕೊಂಡು’ ಬಂದುದಲ್ಲ. ಎತ್ತಿಕೊಂಡು ಬಂದವರ ತೋಳಿನಲ್ಲಿ ಬಂದಿತು. ಅದರ ಕೈ ಬರಿದು. ಕೊಟ್ಟದ್ದನ್ನು ಹಿಡಿದುಕೊಳ್ಳಲು ಆ ಬರಿಗೈಯೇ ಅದಕ್ಕಿರುವ ಯೋಗ್ಯತೆ.

ಈ ಪ್ರಸಂಗವು ಮುಗಿದ ಕೂಡಲೇ ಮೂವರು ಸುವಾರ್ತಿಕರೂ ಐಶ್ವರ್ಯವಂತನಾದ ಒಬ್ಬ ಮನುಷ್ಯನ ಕಥೆಯನ್ನು ಹೇಳುವುದು ಕಾಕತಾಳೀಯವಲ್ಲವೆಂದು ನನಗೆ ತೋರುತ್ತದೆ. ಅವನು ಸಜ್ಜನನು, ಚಿಕ್ಕಂದಿನಿಂದ ಆಜ್ಞೆಗಳನ್ನು ಪಾಲಿಸಿದವನು. ನಿತ್ಯಜೀವವನ್ನು ಪಡೆಯಲು ತಾನು ಏನು ಮಾಡಬೇಕೆಂದು ಕೇಳಿದನು. ಇದ್ದುದನ್ನೆಲ್ಲ ಬಡವರಿಗೆ ಕೊಟ್ಟು ಬರಿಗೈಯಾಗಿ ಬಾ ಎಂಬ ಉತ್ತರವನ್ನು ಕೇಳಿ ಮುಖ ಬಾಡಿಸಿಕೊಂಡು ಹೊರಟುಹೋದನು. ಕೂಸುಗಳು ಸುಲಭವಾಗಿ ದಾಟಿದ ಬಾಗಿಲನ್ನು ಅವನು ದಾಟಲಾರದೆ ಹೋದದ್ದಕ್ಕೆ ಅವನ ಪ್ರಶ್ನೆಯು ಕಾರಣವಲ್ಲ. ಅವನ ಕೈಗಳು ತುಂಬಿದ್ದವು.

ಹಾಗಾದರೆ ಪ್ರಶ್ನೆ ಕೇಳುವುದರ ವಿಷಯವೇನು? ಮಗುವು ಪ್ರಶ್ನೆ ಮಾಡುವುದಿಲ್ಲವೆಂದು ಹೇಳುವವರು ಮಗುವನ್ನು ಸಾಕಿದವರಲ್ಲವೆಂದೇ ಹೇಳಬೇಕು! ಬೆಳಗಿನಿಂದ ಸಂಜೆಯವರೆಗೆ ‘ಏಕೆ’, ‘ಹೇಗೆ’, ‘ಯಾರು’ ಎಂದು ತಾಯಿಯ ಸೆರಗನ್ನು ಜಗ್ಗುವುದೇ ಮಗುವಿನ ಸ್ವಭಾವ. ಶಾಸ್ತ್ರವೂ ಇದನ್ನು ಬಲ್ಲದು. ವಿಮೋಚನಕಾಂಡದ 12ನೆಯ ಅಧ್ಯಾಯದಲ್ಲಿ ಪಸ್ಕಹಬ್ಬದ ವಿಧಿಯನ್ನು ಹೇಳುವಾಗ, ಈ ಆಚರಣೆಯ ಅರ್ಥವೇನೆಂದು ಮಕ್ಕಳು ಕೇಳುವರೆಂದೂ ಆಗ ಹಿರಿಯರು ಉತ್ತರ ಕೊಡಬೇಕೆಂದೂ ವಿಧಿಸಿದೆ. ಇಂದಿಗೂ ಯೆಹೂದ್ಯರ ಮನೆಗಳಲ್ಲಿ ಆ ಹಬ್ಬದ ರಾತ್ರಿ ಪ್ರಶ್ನೆಗಳನ್ನು ಕೇಳುವ ಗೌರವವು ಎಲ್ಲರಿಗಿಂತ ಚಿಕ್ಕ ಮಗುವಿಗೆ ಸಲ್ಲುತ್ತದೆ. ಯೇಸುಸ್ವಾಮಿಯ ಬಾಲ್ಯದ ಬಗ್ಗೆಯಾದರೋ, ಶೈಶವದ ವೃತ್ತಾಂತವು ಮುಗಿದ ಮೇಲೆ ನಮಗೆ ಉಳಿದಿರುವುದು ಲೂಕನು ಬರೆದ ಒಂದೇ ಘಟನೆ. ಅದರಲ್ಲಿ ಹನ್ನೆರಡು ವರ್ಷದ ಬಾಲಕನು ಯೆರೂಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಏನು ಮಾಡುತ್ತಿದ್ದನು? ಅವರ ಮಾತುಗಳನ್ನು ಕೇಳುತ್ತಲೂ ಅವರಿಗೆ ಪ್ರಶ್ನೆಗಳನ್ನು ಹಾಕುತ್ತಲೂ ಇದ್ದನು.

ಅಪೊಸ್ತಲನಾದ ಪೌಲನು ಈ ವಿಷಯದಲ್ಲಿ ಗೆರೆಯೆಳೆದಂತೆ ಹೇಳಿದ್ದಾನೆ. ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ, ಕೆಟ್ಟತನದ ಮಟ್ಟಿಗೆ ಶಿಶುಗಳಾಗಿದ್ದರೂ ಬುದ್ಧಿಯ ಮಟ್ಟಿಗೆ ಪ್ರಾಯಸ್ಥರಾಗಬೇಕೆಂದು ಬೋಧಿಸುತ್ತಾನೆ. ಎಫೆಸದವರಿಗೆ ಬರೆಯುವಾಗ, ಬೀಸಿದ ಗಾಳಿಗೆಲ್ಲ ಓಲಾಡುವ ಕೂಸುಗಳಂತಿರಬಾರದೆಂದು ಎಚ್ಚರಿಸುತ್ತಾನೆ. ಎಲ್ಲಾ ಆಜ್ಞೆಗಳಲ್ಲಿ ಮೊದಲನೆಯದನ್ನು ಸ್ವಾಮಿಯು ಹೇಳಿದಾಗಲೂ, ಹೃದಯ ಪ್ರಾಣಗಳ ಜೊತೆಗೆ ಬುದ್ಧಿಯಿಂದಲೂ ದೇವರನ್ನು ಪ್ರೀತಿಸಬೇಕೆಂಬುದು ಅದರಲ್ಲಿ ಸೇರಿದೆ. ಆದಕಾರಣ ಕಲಿತ ವಿದ್ಯೆಯನ್ನು ಮರೆತುಬಿಡುವುದೇ ಭಕ್ತಿಯೆಂದು ಮಕ್ಕಳಿಗೆ ಬೋಧಿಸುವವರು ಶಾಸ್ತ್ರದಿಂದ ಆಧಾರವನ್ನು ತೋರಿಸಲಾರರು.

ಆದರೂ ಮಗುವಿನ ನಂಬಿಕೆಗೆ ಒಂದು ವಿಶೇಷವಾದ ಗುಣವುಂಟು, ಅದನ್ನು ಬಿಟ್ಟುಕೊಡಲಾಗದು. ಯೇಸುಸ್ವಾಮಿಯು ಪ್ರಾರ್ಥನೆಯಲ್ಲಿ ದೇವರನ್ನು ‘ಅಬ್ಬಾ’ ಎಂದು ಕರೆದನು. ಅದು ಆತನ ಮನೆಮಾತಾದ ಅರಾಮಿಕ್ ಭಾಷೆಯ ಶಬ್ದ. ಕೂಸುಗಳೂ ಬೆಳೆದ ಮಕ್ಕಳೂ ತಂದೆಯನ್ನು ಕರೆಯುತ್ತಿದ್ದ ಮಾತು. ನಮ್ಮ ‘ಅಪ್ಪಾ’ ಎಂಬ ಕೂಗಿಗೆ ಅದು ಕಿವಿಯಲ್ಲಿ ಎಷ್ಟು ಹತ್ತಿರ! ಈ ಶಬ್ದವನ್ನು ಆತನು ನುಡಿದ ಸ್ಥಳವನ್ನು ಮಾರ್ಕನು ಗುರುತಿಸಿದ್ದಾನೆ. ಅದು ಗೆತ್ಸೇಮನೆಯ ತೋಟ; ಮರಣದ ಹಿಂದಿನ ರಾತ್ರಿ. ಅಲ್ಲಿ ಆತನು ದುಃಖವನ್ನು ಅಡಗಿಸಲಿಲ್ಲ. ಸಾಧ್ಯವಾದರೆ ಈ ಪಾತ್ರೆಯು ತನ್ನಿಂದ ತೊಲಗಲೆಂದು ಬಾಯಿಬಿಟ್ಟು ಬೇಡಿದನು. ತಂದೆಯ ಚಿತ್ತವೇ ನಡೆಯಲೆಂದೂ ಹೇಳಿದನು. ಆ ಪಾತ್ರೆಯು ತೊಲಗಲಿಲ್ಲ. ಪೂರ್ಣನಾದ ಮಗನ ಪ್ರಾರ್ಥನೆಯೇ ಹೀಗಾಗಿರುವಲ್ಲಿ, ಬೇಡಿದ್ದು ದೊರೆಯಲಿಲ್ಲವೆಂಬ ಕಾರಣದಿಂದ ಮಡಿಲು ಬರಿದಾದ ತಾಯಿಗೆ ‘ನಿನ್ನ ನಂಬಿಕೆಯು ಸಾಲದಾಯಿತು’ ಎಂದು ಹೇಳುವ ಅಧಿಕಾರವನ್ನು ಯಾರು ಯಾರಿಗೆ ಕೊಟ್ಟರು? ಮಗುವಿನ ನಂಬಿಕೆಯು ಕೇಳಿದ್ದನ್ನು ಪಡೆಯುವ ಉಪಾಯವಲ್ಲ. ಅಳುವಾಗಲೂ ತಂದೆಯ ಕಡೆಗೇ ಮುಖ ತಿರುಗಿಸಿ ಅಳುವುದು ಅದರ ಲಕ್ಷಣ.

ಈ ನಂಬಿಕೆಯನ್ನು ಬದುಕಿ ತೋರಿಸಿದ ಇಬ್ಬರನ್ನು ಇಲ್ಲಿ ನೆನೆಯುತ್ತೇನೆ. ಇಬ್ಬರೂ ಬೇರೆ ಬೇರೆ ಸಭೆಗಳಿಗೆ ಸೇರಿದವರು. ಅಕಸ್ಮಾತ್ತಾಗಿ ಒಂದೇ ಕಾಲದಲ್ಲಿ, ಆರು ತಿಂಗಳ ಅಂತರದಲ್ಲಿ ತೀರಿಕೊಂಡವರು.

ಮೊದಲನೆಯವಳು ಫ್ರಾನ್ಸ್ ದೇಶದ ಲಿಸಿಯೊ ಪಟ್ಟಣದ ತೆರೇಸಳು. 1873ರಲ್ಲಿ ಹುಟ್ಟಿದ ಈಕೆಯು ನಾಲ್ಕನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡಳು. 1888ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಕಾರ್ಮೆಲ್ ಮಠವನ್ನು ಸೇರಿದಳು. ಆಮೇಲೆ ಅವಳ ತಂದೆಯು ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡು ಮೂರು ವರ್ಷ ಚಿಕಿತ್ಸಾಲಯದಲ್ಲಿರಬೇಕಾಯಿತು. ಮಹಾತ್ಮರು ಏರಿದ ಮೆಟ್ಟಿಲುಗಳನ್ನು ಏರಲು ತನಗೆ ಶಕ್ತಿಯಿಲ್ಲ, ತಾನು ಚಿಕ್ಕವಳು, ಆದುದರಿಂದ ಸ್ವಾಮಿಯ ತೋಳುಗಳೇ ತನ್ನನ್ನು ಎತ್ತಿಕೊಳ್ಳಬೇಕೆಂಬುದು ಆಕೆಯ ಸಿದ್ಧಾಂತ. ಆಗ ಧನಿಕರ ಮನೆಗಳಲ್ಲಿ ಹೊಸದಾಗಿ ಬಂದಿದ್ದ, ಜನರನ್ನು ಮೇಲಂತಸ್ತಿಗೆ ಎತ್ತುವ ಯಂತ್ರವನ್ನೇ ಆಕೆ ಇದಕ್ಕೆ ಉಪಮಾನವಾಗಿ ಕೊಟ್ಟಳು. ಇಷ್ಟನ್ನೇ ಕೇಳಿದವರು ಇದೊಂದು ಮುಗ್ಧೆಯ ಮಾತೆಂದು ನಕ್ಕಾರು. ಆದರೆ 1896ರ ಏಪ್ರಿಲಿನಲ್ಲಿ ಆಕೆಯ ಬಾಯಿಂದ ರಕ್ತವು ಬಿದ್ದು ಕ್ಷಯರೋಗದ ಸುಳಿವು ಕಂಡಿತು. ಅದೇ ಈಸ್ಟರ್ ಹಬ್ಬದ ದಿನಗಳಲ್ಲಿ ಆಕೆಯ ಮನಸ್ಸನ್ನು ಒಂದು ಕತ್ತಲೆಯು ಕವಿಯಿತು. ಪರಲೋಕವೆಂಬುದು ಇದೆಯೋ ಇಲ್ಲವೋ ಎಂಬ ಸಂಶಯವು 1897ರ ಸೆಪ್ಟೆಂಬರ್ 30ರಂದು, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಪ್ರಾಣ ಹೋಗುವವರೆಗೂ ಆಕೆಯನ್ನು ಕಾಡಿತು. ಆ ಕತ್ತಲೆಯನ್ನು ಆಕೆ ಬಚ್ಚಿಡಲಿಲ್ಲ. ತನ್ನ ಹಿರಿಯಳಿಗಾಗಿ ಬರೆದ ಪುಟಗಳಲ್ಲಿ ಅದನ್ನು ನಮೂದಿಸಿದಳು. ನಂಬಿಕೆಯಿಲ್ಲದವರ ಜೊತೆಗೆ ಒಂದೇ ಮೇಜಿನಲ್ಲಿ ಕುಳಿತು ಅವರ ಕಹಿರೊಟ್ಟಿಯನ್ನು ತಿನ್ನಲು ತಾನು ಸಿದ್ಧಳೆಂಬುದು ಆಕೆಯ ಭಾವ. ಆಕೆಯ ಆತ್ಮಕಥೆಯು 1898ರಲ್ಲಿ ಅಚ್ಚಾಯಿತು. ರೋಮನ್ ಕಥೋಲಿಕ ಸಭೆಯು 1925ರಲ್ಲಿ ಆಕೆಯನ್ನು ಸಂತಳೆಂದೂ, 1997ರಲ್ಲಿ ಸಭೆಯ ಆಚಾರ್ಯರಲ್ಲಿ ಒಬ್ಬಳೆಂದೂ ಘೋಷಿಸಿತು. ‘ಮಗುವಿನ ದಾರಿ’ಯನ್ನು ಜಗತ್ತಿಗೆ ಕಲಿಸಿದವಳೇ ಸಂಶಯದ ರಾತ್ರಿಯನ್ನು ಹಾದುಹೋದವಳೆಂಬುದನ್ನು ನಾವು ಮರೆಯಬಾರದು.

ಎರಡನೆಯವನು ಜಾರ್ಜ್ ಮುಲ್ಲರನು. 1805ರಲ್ಲಿ ಪ್ರಷ್ಯದಲ್ಲಿ ಹುಟ್ಟಿದ ಇವನು ಬಾಲ್ಯದಲ್ಲಿ, ಸುಂಕದ ಅಧಿಕಾರಿಯಾಗಿದ್ದ ತಂದೆಯ ವಶದಲ್ಲಿದ್ದ ಸರ್ಕಾರದ ಹಣವನ್ನು ಕದಿಯುತ್ತಿದ್ದನು. ಮನಸ್ಸು ತಿರುಗಿದ ಮೇಲೆ 1829ರಲ್ಲಿ ಇಂಗ್ಲೆಂಡಿಗೆ ಬಂದನು. 1835ರಲ್ಲಿ ಅವನ ಎಳೆಯ ಮಗನು ತೀರಿಕೊಂಡನು. ಮರುವರ್ಷವೇ ಅವನು ಬ್ರಿಸ್ಟಲ್ ಪಟ್ಟಣದಲ್ಲಿ ಅನಾಥಮಕ್ಕಳಿಗೆ ಮನೆಯನ್ನು ತೆರೆದನು. ಹಣಕ್ಕಾಗಿ ಯಾವ ಮನುಷ್ಯನನ್ನೂ ಯಾಚಿಸದೆ ದೇವರನ್ನು ಮಾತ್ರವೇ ಬೇಡುವುದು ಅವನ ವ್ರತ. 1870ರ ಹೊತ್ತಿಗೆ ಆಶ್ಲಿ ಡೌನ್ ಎಂಬಲ್ಲಿ ಐದು ದೊಡ್ಡ ಕಟ್ಟಡಗಳು ಎದ್ದು ನಿಂತು, 2,050 ಮಕ್ಕಳಿಗೆ ಅಲ್ಲಿ ಸ್ಥಳವಿತ್ತು. 1898ರ ಮಾರ್ಚಿನಲ್ಲಿ ಅವನು ತೀರಿಕೊಳ್ಳುವಷ್ಟರಲ್ಲಿ ಅವನ ಆಶ್ರಯದಲ್ಲಿ ಬೆಳೆದ ಮಕ್ಕಳು ಸುಮಾರು 10,000. ಅವನ ವ್ರತವನ್ನು ಹೊಗಳುವವರು ಅವನ ಲೆಕ್ಕದ ಪುಸ್ತಕವನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಬಂದ ಹಣವನ್ನೂ ವೆಚ್ಚವನ್ನೂ ಸೂಕ್ಷ್ಮವಾಗಿ ಬರೆದಿಟ್ಟು, ವರದಿಗಳನ್ನು ಅಚ್ಚು ಹಾಕಿಸಿ ಲೋಕದ ಮುಂದಿಡುತ್ತಿದ್ದನು. ಬೇಡುವಾಗ ಮಗು, ಲೆಕ್ಕ ಒಪ್ಪಿಸುವಾಗ ಪ್ರಾಯಸ್ಥ. ಪೌಲನ ಉಪದೇಶಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಕಂಡಿಲ್ಲ. ತನ್ನ ಮಗನನ್ನು ಕಳೆದುಕೊಂಡವನು ಅನ್ಯರ ಮಕ್ಕಳನ್ನು ಎತ್ತಿಕೊಂಡನೆಂಬುದೂ ಗಮನಿಸತಕ್ಕ ಸಂಗತಿ. ಏಕೆಂದರೆ ಮತ್ತಾಯನ ಅದೇ 18ನೆಯ ಅಧ್ಯಾಯದಲ್ಲಿ, ಮಗುವಿನ ಹಾಗೆ ಆಗಿರೆಂಬ ಮಾತಿನ ಹಿಂದೆಯೇ ಮಗುವನ್ನು ಸೇರಿಸಿಕೊಳ್ಳಿರೆಂಬ ಮಾತಿದೆ. ಅದರ ಹಿಂದೆ, ಚಿಕ್ಕವರಲ್ಲಿ ಒಬ್ಬನಿಗಾದರೂ ಎಡವುಗಲ್ಲಾಗುವವನಿಗೆ ಬೀಸುವ ಕಲ್ಲನ್ನು ಕುತ್ತಿಗೆಗೆ ಕಟ್ಟಿಸಿಕೊಂಡು ಸಮುದ್ರದಲ್ಲಿ ಮುಳುಗುವುದೇ ಮೇಲೆಂಬ ಭಯಂಕರವಾದ ಎಚ್ಚರಿಕೆಯೂ ಇದೆ.

ಇಷ್ಟನ್ನೆಲ್ಲ ಯೋಚಿಸಿದಾಗ ಆ ಮನೆಯಲ್ಲಿ ನಡೆದ ತಪ್ಪು ಯಾವುದೆಂದು ನನಗೆ ಸ್ಪಷ್ಟವಾಯಿತು. ಸ್ವಾಮಿಯು ಈ ಉಪದೇಶವನ್ನು ಮಕ್ಕಳಿಗೆ ಹೇಳಲಿಲ್ಲ. ಮಕ್ಕಳನ್ನು ನಡುವೆ ನಿಲ್ಲಿಸಿಕೊಂಡು ಹಿರಿಯರಿಗೆ ಹೇಳಿದನು. ಮುಂದೆ ಸಭೆಯ ಕಂಬಗಳಾಗತಕ್ಕವರಿಗೆ, ಬೋಧಕರಾಗತಕ್ಕವರಿಗೆ, ಇತರರ ಮೇಲೆ ಅಧಿಕಾರ ನಡಿಸತಕ್ಕವರಿಗೆ ಹೇಳಿದನು. ನಾವಾದರೋ ಆ ಮಾತಿನ ಮುಖವನ್ನು ತಿರುಗಿಸಿ, ಹಿರಿಯರು ಕಿರಿಯರ ಬಾಯಿ ಮುಚ್ಚಿಸುವ ಮಾತನ್ನಾಗಿ ಮಾಡಿಕೊಂಡಿದ್ದೇವೆ. ‘ಮಗುವಿನಂತಾಗು’ ಎಂಬುದು ತಾನು ತನಗೇ ಹೇಳಿಕೊಳ್ಳಬೇಕಾದ ಬುದ್ಧಿವಾದ. ಬಲವುಳ್ಳವನು ಬಲವಿಲ್ಲದವನಿಗೆ ಅದನ್ನು ಹೇಳಿದರೆ ಅದರ ಅರ್ಥವೇ ಕೆಡುವುದು.

ಮರುದಿನ ಬೆಳಿಗ್ಗೆ ಯಜಮಾನರು ನನ್ನನ್ನು ಬಸ್ಸಿಗೆ ಹತ್ತಿಸಲು ಜೊತೆಯಲ್ಲಿ ನಡೆದು ಬಂದರು. ದಾರಿಯಲ್ಲಿ ನಾನು ಹೆಚ್ಚೇನೂ ಹೇಳಲಿಲ್ಲ. ಮಾರ್ಕನ 9ನೆಯ ಅಧ್ಯಾಯದಲ್ಲಿಯೇ, ಮಗುವನ್ನು ನಡುವೆ ನಿಲ್ಲಿಸುವುದಕ್ಕೆ ಸ್ವಲ್ಪ ಮುಂಚೆ, ಮೂರ್ಛೆರೋಗದ ಮಗನನ್ನು ಕರೆತಂದ ಒಬ್ಬ ತಂದೆಯ ವೃತ್ತಾಂತವು ಇದೆಯಲ್ಲವೇ ಎಂದು ನೆನಪು ಮಾಡಿದೆನು. ಆ ತಂದೆಯು ತನ್ನಲ್ಲಿ ನಂಬಿಕೆಯೂ ಇದೆ, ನಂಬದ ಮನಸ್ಸೂ ಇದೆ, ಅದಕ್ಕೆ ನೀನೇ ಸಹಾಯ ಮಾಡಬೇಕೆಂದು ಕೂಗಿಕೊಂಡನು. ಸ್ವಾಮಿಯು ಅವನನ್ನು ಗದರಿಸಲಿಲ್ಲ, ಹಿಂದಕ್ಕೂ ಕಳುಹಿಸಲಿಲ್ಲ. ಯಜಮಾನರು ಸ್ವಲ್ಪ ದೂರ ಮೌನವಾಗಿ ನಡೆದರು. ಆಮೇಲೆ, “ಹುಡುಗನು ಕೇಳಿದ ಪ್ರಶ್ನೆಯು ನನ್ನದೂ ಹೌದು. ಒಂದು ವರ್ಷದಿಂದ ರಾತ್ರಿಯೆಲ್ಲ ಅದೇ. ಅವನ ತಾಯಿಯ ಮುಂದೆ ಹೇಳಿದರೆ ಅವಳೂ ಕುಸಿದುಬಿಡುವಳೆಂದು ಹೆದರಿದೆ” ಎಂದರು. ಅವರ ಧ್ವನಿಯು ನಡುಗುತ್ತಿತ್ತು.

“ಇದನ್ನು ನನಗೆ ಹೇಳಿದಿರಿ. ಸಂಜೆ ಪ್ರಾರ್ಥನೆಗೆ ಕುಳಿತಾಗ ನಿಮ್ಮ ಮಗನಿಗೂ ಹೇಳಿ” ಎಂದು ನಾನು ಕೈಮುಗಿದು ಬಸ್ಸು ಹತ್ತಿದೆನು.

ಪ್ರಿಯ ವಾಚಕರೇ, ನಿಮ್ಮ ಮನೆಯಲ್ಲಿಯೂ ಒಂದು ಸಂಜೆ ಇಂಥ ಪ್ರಶ್ನೆಯು ಏಳಬಹುದು. ಆಗ ಉತ್ತರವು ನಿಮ್ಮಲ್ಲಿ ಇಲ್ಲದಿದ್ದರೆ ಇಲ್ಲವೆಂದು ಒಪ್ಪಿಕೊಳ್ಳುವುದಕ್ಕೆ ನಾಚಬೇಡಿರಿ. ತನಗೆ ತಿಳಿಯದೆಂದು ಒಪ್ಪಿಕೊಂಡು, ಕಿರಿಯರ ಮಗ್ಗುಲಲ್ಲಿಯೇ ಮೊಣಕಾಲೂರಿ, ಅದೇ ಪ್ರಶ್ನೆಯನ್ನು ತಂದೆಯಾದ ದೇವರ ಮುಂದೆ ಇಡುವ ಹಿರಿಯನು ಆ ಗಳಿಗೆಯಲ್ಲಿ ತಾನೇ ಮಗುವಾಗಿರುವನು. ಅವನ ಪಕ್ಕದಲ್ಲಿ ಕುಳಿತ ಮಕ್ಕಳಿಗೆ ಬೇರೆ ಬೋಧೆಯು ಬೇಕಾಗದು.